ಜನತಾ ವಾಚು ಯಾರ ಕೈಗೆ?

ಮೊನ್ನೆ ನಮ್ಮ ಕಾರ್ಯಕ್ರಮಕ್ಕೆ ತುಮಕೂರಿನಿಂದ ಒಬ್ಬರು ಫೋನ್ ಮಾಡಿದ್ರು. "ಸಾರ್, ನಮ್ಮಪ್ಪ ಎಚ್‌ಎಂಟಿ ಕಾರ್ಖಾನೆಯಲ್ಲಿ ದುಡಿದವರು. ಅವರ ಜನತಾ ವಾಚು ಕಳೆದುಹೋಗಿ ವರ್ಷಗಳಾಯ್ತು. ಎಂಬತ್ತನೇ ಹುಟ್ಟುಹಬ್ಬಕ್ಕೆ ಅಂಥದ್ದೇ ಒಂದು ಕೊಡೋಣ ಅಂತ ಹುಡುಕಿದ್ರೆ ಒಬ್ಬ ಮೂರು ಪಟ್ಟು ರೇಟು ಹೇಳ್ತಾನೆ. ಇದು ನ್ಯಾಯಾನಾ?"

ಅವತ್ತು ಎರಡು ನಿಮಿಷದಲ್ಲಿ ಉತ್ತರ ಹೇಳೋಕೆ ಆಗಲಿಲ್ಲ. ಇವತ್ತು ಹೇಳ್ತೀನಿ.

ಹಿನ್ನೆಲೆ ನೋಡಿ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿಯ ವಾಚು ಕಾರ್ಖಾನೆ ಬೆಂಗಳೂರಿನಲ್ಲಿ ಶುರುವಾಗಿದ್ದು 1961ರಲ್ಲಿ. ಕೀ ಕೊಡುವ ಜನತಾ, ಪೈಲಟ್ ವಾಚುಗಳು ಮೇಷ್ಟ್ರು, ಗುಮಾಸ್ತರ ಕೈಯಲ್ಲೆಲ್ಲ ಇದ್ದವು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಆಮೇಲೂ ಎಚ್‌ಎಂಟಿ ಹೆಸರಿನ ವಾಚು ಸಿಗುತ್ತೆ, ಆದ್ರೆ ಹಳೆಯ ಪ್ರಮಾಣದಲ್ಲಲ್ಲ. ಕೇಳುವವರು ಹೆಚ್ಚು, ಸರಕು ಕಡಿಮೆ. ಮಧ್ಯದಲ್ಲಿ ಮರುಮಾರಾಟಗಾರ ಹುಟ್ಟಿಕೊಂಡ.

ಎಲ್ಲ ಮರುಮಾರಾಟಗಾರರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಇವರಲ್ಲಿ ಮೂರು ಥರ.

ಮೊದಲನೆಯವನು ಹಳೇ ವಾಚು ಹುಡುಕಿ ತರ್ತಾನೆ, ಬಿಚ್ಚಿ ತೊಳೀತಾನೆ, ಎಣ್ಣೆ ಬಿಡ್ತಾನೆ, ಸ್ಪ್ರಿಂಗ್ ಹೋಗಿದ್ರೆ ಹಾಕ್ತಾನೆ. ಗುಜರಿಗೆ ಹೋಗಬೇಕಾಗಿದ್ದ ವಾಚು ಮತ್ತೆ ಟಿಕ್ ಟಿಕ್ ಅನ್ನುತ್ತೆ. ಅವನು ಕೇಳುವ ಹೆಚ್ಚಿನ ದುಡ್ಡು ಅವನ ಕೂಲಿ. ಅದರಲ್ಲಿ ತಪ್ಪೇನಿದೆ? ಒಳ್ಳೇ ರೇಟು ಇದೆ ಅನ್ನೋ ಕಾರಣಕ್ಕೇ ಎಷ್ಟೋ ಮನೆಗಳ ಬೀರುವಿನಿಂದ ಹಳೇ ವಾಚು ಹೊರಗೆ ಬರ್ತಿವೆ.

ಎರಡನೆಯವನು ಹೊಸ ಸ್ಟಾಕ್ ಬಂದ ಕೂಡಲೇ ನಾಲ್ಕಾರು ಹೆಸರಲ್ಲಿ ಬಾಚಿಕೊಳ್ತಾನೆ. ಡಬ್ಬಿಯನ್ನೂ ತೆರೆಯದೆ ಮರುದಿನ ಮೂರು ಪಟ್ಟಿಗೆ ಮಾರ್ತಾನೆ. ಇವನು ವಾಚಿಗೆ ಸೇರಿಸಿದ್ದು ಏನೂ ಇಲ್ಲ, ಇನ್ನಷ್ಟು ಅಭಾವ ಬಿಟ್ಟು. ಮೆಜೆಸ್ಟಿಕ್ಕಿನ ಥಿಯೇಟರುಗಳ ಮುಂದೆ ಬ್ಲ್ಯಾಕ್ ಟಿಕೆಟ್ ಮಾರ್ತಿದ್ದವರನ್ನು ನೆನಪು ಮಾಡಿಕೊಳ್ಳಿ.

ಮೂರನೆಯವನು ಡಯಲ್‌ಗೆ ಹೊಸ ಬಣ್ಣ ಬಳಿದು, ಹತ್ತು ವಾಚಿನ ಬಿಡಿಭಾಗ ಒಂದಕ್ಕೆ ತುಂಬಿ, "ಹಳೇ ಸ್ಟಾಕ್, ಯಾರೂ ಕಟ್ಟಿಲ್ಲ" ಅಂತಾನೆ. ಇದು ವ್ಯಾಪಾರವಲ್ಲ, ಮೋಸ.

ಕಾನೂನು ಏನು ಹೇಳುತ್ತೆ? ಪ್ಯಾಕ್ ಮಾಡಿದ ಸರಕನ್ನು ಅಂಗಡಿಯವರು ಎಂಆರ್‌ಪಿಗಿಂತ ಹೆಚ್ಚಿಗೆ ಮಾರುವಂತಿಲ್ಲ; 2011ರ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ಹಳೆಯದನ್ನೋ ರಿಪೇರಿ ಮಾಡಿದ್ದನ್ನೋ ಹೊಸದು ಅಂತ ಸುಳ್ಳು ಹೇಳಿ ಮಾರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಆದ್ರೆ ನೀವು ಕೊಂಡ ವಾಚನ್ನು ನೀವೇ ಇನ್ನೊಬ್ಬರಿಗೆ ಎಷ್ಟಕ್ಕೆ ಮಾರಬೇಕು ಅನ್ನೋದು ಬಹುಮಟ್ಟಿಗೆ ನಿಮ್ಮ ಮನಸ್ಸಾಕ್ಷಿಗೆ ಬಿಟ್ಟ ವಿಷಯ.

ಮನಸ್ಸಾಕ್ಷಿ ಅಂದೆ, ಹಾಗಾಗಿ ನನ್ನದೂ ಹೇಳಿಬಿಡ್ತೀನಿ. ಕಂಪನಿ ಮುಚ್ಚುವ ಸುದ್ದಿ ಓದಿದ ವಾರವೇ ನಾನು ಎರಡು ವಾಚು ಕೊಂಡೆ. ಒಂದು ಇಟ್ಟುಕೊಂಡೆ, ಇನ್ನೊಂದನ್ನು ಆರು ತಿಂಗಳಾದ ಮೇಲೆ ಪರಿಚಯದವರಿಗೆ ಎರಡು ಪಟ್ಟಿಗೆ ಕೊಟ್ಟೆ. ಅವರು ಖುಷಿಯಾಗೇ ತಗೊಂಡ್ರು. ಆವತ್ತು ಅದು ಜಾಣತನ ಅನ್ನಿಸಿತ್ತು. ತುಮಕೂರಿನ ಫೋನ್ ಬಂದ ಮೇಲೆ ಹಾಗನ್ನಿಸ್ತಿಲ್ಲ. ನನ್ನ ಹಿಂದೆ ಕ್ಯೂನಲ್ಲಿ ನಿಂತು ಬರಿಗೈಲಿ ಹೋದವರಲ್ಲಿ ಅಂಥ ಮಗ ಒಬ್ಬ ಇದ್ದಿರಬಹುದು.

"ಅಕ್ಕಿ, ಔಷಧಿ ಆದ್ರೆ ಸರಿ, ವಾಚಿಲ್ಲದೆ ಯಾರೂ ಸಾಯಲ್ಲ" ಅಂತ ವಾದ ಮಾಡೋರಿದ್ದಾರೆ. ನಿಜ, ಅದಕ್ಕೇ ಇದನ್ನು ಅಪರಾಧ ಅಂತ ನಾನು ಕರೀತಿಲ್ಲ. ಆದ್ರೆ ಬೇರೆಯವರ ನೆನಪಿನ ಮೇಲೆ ಬಡ್ಡಿ ಎತ್ತೋದು ದೊಡ್ಡತನವೂ ಅಲ್ಲ.

ಕೊಳ್ಳುವವರಿಗೆ ಮೂರು ಮಾತು. ಹಿಂಬದಿ ತೆಗೆಸಿ ಯಂತ್ರ ನೋಡಿ. ಬರಹದಲ್ಲಿ ಬಿಲ್ ಕೇಳಿ. ಅವಸರ ಬೇಡ, ಮುಂದಿನ ಸ್ಟಾಕ್‌ಗೆ ಕಾಯಿರಿ. ನೀವು ಕಾದಷ್ಟೂ ಎರಡನೆಯವನ ರೇಟು ಇಳಿಯುತ್ತೆ. ಮಾರುವವರಿಗೆ ಒಂದೇ ಮಾತು: ವಾಚಿಗೆ ನೀವೇನು ಸೇರಿಸಿದ್ದೀರೋ ಅದಕ್ಕೆ ದುಡ್ಡು ಕೇಳಿ. ಅದರ ಹೆಸರೇ ಜನತಾ. ಜನರ ಕೈಯಲ್ಲಿ ಇರಲಿ.