ಸಿದ್ದಪ್ಪ ‘ಚಿತ್ತಪ್ಪ’ನಾದಾಗ: ಗಡಿನಾಡಿನ ಹೆಸರುಗಳು ಮತ್ತು ಜವಾಬ್ದಾರಿಯುತ ಎಐ

ಜವಾಬ್ದಾರಿಯುತ ಎಐ ಆಡಳಿತವನ್ನು ಬೇರೆ ಬೇರೆ ಸಮಾಜ, ಸಂಸ್ಕೃತಿಗಳಿಗೆ ಹೊಂದಿಸೋದು ಹೇಗೆ ಅನ್ನೋದು ಇವತ್ತಿನ ವಿಷಯ. ವಿಷಯ ದೊಡ್ಡದು. ಹಾಗಾಗಿ ನಾನು ಒಂದೇ ಒಂದು ಸಣ್ಣ ಸಂಗತಿಯನ್ನು ಹಿಡಿದುಕೊಂಡು ಮಾತಾಡ್ತೇನೆ: ಗಡಿನಾಡ ಕನ್ನಡಿಗರ ಹೆಸರು.

ತಾಳವಾಡಿಯಲ್ಲಿ ಸಿದ್ದಪ್ಪ ಎಂಬ ರೈತ ಇದ್ದಾನೆ ಅಂತ ಇಟ್ಟುಕೊಳ್ಳಿ. ತಮಿಳು ಲಿಪಿಯಲ್ಲಿ ತ ಮತ್ತು ದ ಎರಡಕ್ಕೂ ಒಂದೇ ಅಕ್ಷರ. ಕ-ಗ, ಪ-ಬ ಕೂಡ ಹಾಗೆಯೇ. ಆದ್ದರಿಂದ ಅವನ ಹೆಸರನ್ನು ತಮಿಳಿನಲ್ಲಿ ಬರೆದರೆ ಓದುವವರಿಗೆ ಅದು ‘ಚಿತ್ತಪ್ಪ’, ಅಂದರೆ ನಮ್ಮ ಚಿಕ್ಕಪ್ಪ! ಊರಿನ ಗುಮಾಸ್ತನಿಗೆ ಇದು ಗೊತ್ತಿರುತ್ತದೆ, ನಕ್ಕು ಸರಿಮಾಡಿಕೊಳ್ಳುತ್ತಾನೆ. ಆದರೆ ಆ ತಮಿಳು ದಾಖಲೆಯಿಂದ ಇಂಗ್ಲಿಷ್ ಅಕ್ಷರಕ್ಕೆ ಹೆಸರನ್ನು ತಾನಾಗಿ ತಿರುಗಿಸುವ ತಂತ್ರಾಂಶಕ್ಕೆ ಅವನು ನಿಜವಾಗಿಯೂ ಚಿತ್ತಪ್ಪನೇ. ಪಟ್ಟಾದಲ್ಲಿ ಒಬ್ಬ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಬ್ಬ.

ಇದು ತಮಿಳುನಾಡಿನ ಗಡಿಯೊಂದರ ಕತೆಯಲ್ಲ. ಅಕ್ಕಲಕೋಟೆ, ಜತ್ತ ಕಡೆ ಅದೇ ಹೆಸರು ದೇವನಾಗರಿಗೆ ಹೋದಾಗ ಕೊನೆಯ ‘ಪ್ಪ’ ದೀರ್ಘವಾಗಿ ‘ಸಿದ್ಧಪ್ಪಾ’ ಆಗುತ್ತದೆ. ಮರಾಠಿ ಪದ್ಧತಿಯಂತೆ ನಡುವೆ ತಂದೆಯ ಹೆಸರು, ಕೆಲವು ದಾಖಲೆಗಳಲ್ಲಿ ಅಡ್ಡಹೆಸರೇ ಮೊದಲು. ರಾಯದುರ್ಗ, ಮಡಕಶಿರಾದಲ್ಲಿ ತೆಲುಗು ಲಿಪಿ ನಮ್ಮದಕ್ಕೆ ಹತ್ತಿರ, ಅಕ್ಷರ ಕೆಡೋದಿಲ್ಲ. ಆದರೆ ‘ಇಂಟಿಪೇರು’ ಮೊದಲು ಬರಬೇಕೆಂಬ ರೂಢಿ ಇದೆ. ಮನೆಹೆಸರು ಬಳಸದ ಕನ್ನಡ ಕುಟುಂಬ ಆ ಕಾಲಂನಲ್ಲಿ ಊರಿನ ಹೆಸರನ್ನೋ ತಂದೆಯ ಹೆಸರನ್ನೋ ಬರೆಯಬೇಕಾಗುತ್ತದೆ. ಕಾಸರಗೋಡಿನಲ್ಲಿ ವಿಳಾಸವೇ ಬೇರೆಯಾಗುತ್ತದೆ: ನಮ್ಮ ಮಂಜೇಶ್ವರ ಮಲಯಾಳದಲ್ಲಿ ಮಂಜೇಶ್ವರಂ, ಕುಂಬಳೆ ಕುಂಬಳ.

ಇದರಲ್ಲಿ ಎಐ ಎಲ್ಲಿ ಬಂತು ಅಂತ ಕೇಳಬಹುದು. ಸರ್ಕಾರಗಳು ಈಗ ಬೇರೆ ಬೇರೆ ಇಲಾಖೆಗಳ ದತ್ತಾಂಶವನ್ನು ಒಟ್ಟುಗೂಡಿಸಿ ‘ಈ ಎರಡು ದಾಖಲೆ ಒಬ್ಬನದೇ?’ ಎಂದು ಯಂತ್ರದಿಂದ ತೀರ್ಮಾನಿಸುತ್ತಿವೆ. ಯಂತ್ರ ಹೆಸರು, ವಿಳಾಸಗಳನ್ನು ಹೋಲಿಸಿ ಅಂಕ ಕೊಡುತ್ತದೆ. ಅಂಕ ಒಂದು ಮಿತಿ ದಾಟಿದರೆ ‘ಒಬ್ಬನೇ’, ಇಲ್ಲದಿದ್ದರೆ ‘ಬೇರೆಯವನು’. ತಪ್ಪು ಎರಡೂ ಕಡೆ ಆಗಬಹುದು. ಸಿದ್ದಪ್ಪ ತನ್ನ ಹೊಲಕ್ಕೇ ಪರಕೀಯನಾಗಬಹುದು. ಅಥವಾ ಇನ್ಯಾರದೋ ಕಾರು, ಜಮೀನು ಅವನ ಲೆಕ್ಕಕ್ಕೆ ಸೇರಿ ರೇಷನ್ ಕಾರ್ಡ್ ಹೋಗಬಹುದು.

ಇದು ಬರೀ ಊಹೆ ಅಲ್ಲ. ಹೀಗೆ ದಾಖಲೆ ಜೋಡಿಸುವ ‘ಸಮಗ್ರ ವೇದಿಕೆ’ ಎಂಬ ವ್ಯವಸ್ಥೆ ತೆಲಂಗಾಣದಲ್ಲಿದೆ. ಅಲ್ಲಿ ಸುಮಾರು 19 ಲಕ್ಷ ರೇಷನ್ ಕಾರ್ಡುಗಳನ್ನು ಮನೆಗೆ ಬಂದು ನೋಡದೆ, ಕಂಪ್ಯೂಟರ್ ಲೆಕ್ಕದ ಮೇಲೆ ರದ್ದು ಮಾಡಲಾಗಿದೆ ಎಂಬ ದೂರು ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಏಪ್ರಿಲ್‌ನಲ್ಲಿ ಕೋರ್ಟು ಸ್ಥಳಕ್ಕೇ ಹೋಗಿ ಮರುಪರಿಶೀಲನೆ ಮಾಡುವಂತೆ ಹೇಳಿತು. ಅದು ಇಡೀ ರಾಜ್ಯದ ಪ್ರಶ್ನೆ, ಕನ್ನಡಿಗರದ್ದು ಮಾತ್ರ ಅಲ್ಲ. ಆದರೆ ಅದೇ ರಾಜ್ಯದ ಪಶ್ಚಿಮ ಅಂಚಿನಲ್ಲಿ, ನಾರಾಯಣಪೇಟೆಯಂಥ ಕಡೆ, ಕನ್ನಡ ಮನೆಗಳಿವೆ ಅನ್ನೋದನ್ನು ನಾವು ಮರೆಯಬಾರದು.

ಈಗ ತತ್ವಗಳಿಗೆ ಬರೋಣ. ಯುನೆಸ್ಕೊ 2021ರಲ್ಲಿ ಒಪ್ಪಿದ ಎಐ ನೀತಿ ಶಿಫಾರಸು ವೈವಿಧ್ಯವನ್ನು ಒಂದು ಮೌಲ್ಯವೆಂದೇ ಹೇಳುತ್ತದೆ. ಐರೋಪ್ಯ ಒಕ್ಕೂಟದ 2024ರ ಎಐ ಕಾಯ್ದೆ ಸರ್ಕಾರಿ ಸವಲತ್ತಿನ ಅರ್ಹತೆ ನಿರ್ಧರಿಸುವ ಎಐಯನ್ನು ಹೆಚ್ಚು ಅಪಾಯದ ಗುಂಪಿಗೆ ಸೇರಿಸಿದೆ. ನಮ್ಮ ನೀತಿ ಆಯೋಗ 2021ರಲ್ಲಿ, ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ 2025ರಲ್ಲಿ ಪ್ರಕಟಿಸಿದ ದಾಖಲೆಗಳೂ ನ್ಯಾಯ, ಹೊಣೆಗಾರಿಕೆಗಳ ಮಾತಾಡುತ್ತವೆ. ಇವೆಲ್ಲ ಬೇಕಾದದ್ದೇ. ನನ್ನ ತಕರಾರು ಒಂದೇ: ನ್ಯಾಯವಾಗಿದೆಯೇ ಅಂತ ಯಾರ ಹೆಸರಿನ ಮೇಲೆ ಪರೀಕ್ಷೆ ಮಾಡ್ತೀರಿ? ಕನ್ನಡದ ಪರೀಕ್ಷೆ ಕರ್ನಾಟಕದಲ್ಲಿ, ತಮಿಳಿನ ಪರೀಕ್ಷೆ ತಮಿಳುನಾಡಿನಲ್ಲಿ ಅಂದುಕೊಂಡರೆ ಸಿದ್ದಪ್ಪ ಎರಡರಲ್ಲೂ ಇರೋದಿಲ್ಲ. ಎರಡೂ ವರದಿಯಲ್ಲಿ ‘ಸರಿಯಾಗಿದೆ’ ಅಂತ ಬರುತ್ತದೆ, ಅವನಿಗೆ ಮಾತ್ರ ಅಕ್ಕಿ ಬರೋದಿಲ್ಲ.

ನಮ್ಮ ಕಾನೂನಿನಲ್ಲಿ ಇದಕ್ಕೆ ದಾರಿ ಇಲ್ಲವೇ? ಸ್ವಲ್ಪ ಇದೆ. ಸಂವಿಧಾನದ 350ನೇ ವಿಧಿಯ ಪ್ರಕಾರ, ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ನಾಗರಿಕ ತನ್ನ ಅಹವಾಲು ಸಲ್ಲಿಸಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು ಅನ್ನುತ್ತದೆ. ಅಂದರೆ ಭಾಷೆ ರಾಜ್ಯದ್ದಲ್ಲ, ವ್ಯಕ್ತಿಯದ್ದು. ಸೊಲ್ಲಾಪುರದಲ್ಲಿ ಕೂತವರೂ ಕನ್ನಡ ಕೇಳಬಹುದು. ಆದರೆ ಎರಡು ಕೊರತೆ ಇವೆ. ಕಾಸರಗೋಡಿನ ತುಳು, ನೀಲಗಿರಿಯ ಬಡಗ ಆ ಅನುಸೂಚಿಯಲ್ಲಿ ಇಲ್ಲ. ಇನ್ನೊಂದು, ಸಬ್ಸಿಡಿ, ಸವಲತ್ತು ಕೊಡಲು ಸರ್ಕಾರ ಕೆಲವು ಸಂದರ್ಭಗಳಲ್ಲಿ ಹೊಸದಾಗಿ ಒಪ್ಪಿಗೆ ಕೇಳದೆಯೇ ದತ್ತಾಂಶ ಬಳಸಬಹುದು. ಒಪ್ಪಿಗೆಯೇ ಕೇಳದಿದ್ದಾಗ ಆ ಸೂಚನೆಯ ಪ್ರಶ್ನೆಯೂ ಬರೋದಿಲ್ಲ.

ಹಾಗಾದರೆ ಏನು ಮಾಡಬೇಕು? ಮೂರು ಸಲಹೆ ಇಡ್ತೇನೆ. ಒಂದು, ಇಂಥ ವ್ಯವಸ್ಥೆಯನ್ನು ಜಾರಿ ಮಾಡುವ ಮೊದಲು ಗಡಿ ತಾಲ್ಲೂಕಿನ ಹೆಸರುಗಳ ಮೇಲೆ ಪ್ರತ್ಯೇಕ ಪರೀಕ್ಷೆ ನಡೆಸಿ, ತಪ್ಪಿನ ಪ್ರಮಾಣವನ್ನು ತಾಲ್ಲೂಕುವಾರು ಪ್ರಕಟಿಸಬೇಕು. ಎರಡು, ಹೆಸರು ಹೊಂದದಿದ್ದರೆ ಅದು ವಿಚಾರಣೆಗೆ ಕಾರಣ ಆಗಬೇಕೇ ಹೊರತು ರದ್ದತಿಗೆ ಅಲ್ಲ. ಮೂರು, ಆ ವಿಚಾರಣೆ ಮಾಡುವವರಿಗೆ ಆ ಊರಿನ ಎರಡೂ ಭಾಷೆ ಬರಬೇಕು.

ಸಂವಾದದಲ್ಲಿ ಒಬ್ಬ ವಿದ್ಯಾರ್ಥಿ ಕೇಳಿದ್ದು: “ಸರ್, ಆಧಾರ್ ನಂಬರ್ ಒಂದೇ ಇರುತ್ತಲ್ಲ, ಹೆಸರು ಯಾಕೆ ಬೇಕು?” ಒಳ್ಳೆಯ ಪ್ರಶ್ನೆ. ನಂಬರ್ ಎಲ್ಲ ದಾಖಲೆಗೂ ಜೋಡಣೆ ಆಗಿರೋದಿಲ್ಲ. ಅಜ್ಜನ ಕಾಲದ 7/12 ಉತಾರಕ್ಕೆ ಆಧಾರ್ ಇಲ್ಲ, ಅಲ್ಲಿ ಇರೋದು ಹೆಸರು ಮಾತ್ರ. ಜೋಡಿಸುವಾಗಲೂ ಹೆಸರು ತಾಳೆಯಾಗಬೇಕು.

ಅಧ್ಯಾಪಕರೊಬ್ಬರು ಇನ್ನೂ ಕಷ್ಟದ ಪ್ರಶ್ನೆ ಎತ್ತಿದರು: ಗಡಿನಾಡ ಹೆಸರುಗಳ ಪಟ್ಟಿ ಮಾಡಿದರೆ ಅದೇ ಜನರನ್ನು ಗುರುತಿಸಿ ಬೇರ್ಪಡಿಸಲು ಬಳಕೆಯಾಗದೇ? ಆಗಬಹುದು. ನಮ್ಮಲ್ಲಿ ಹೆಸರಿನಿಂದ ಜಾತಿ, ಧರ್ಮ, ಭಾಷೆ ಮೂರೂ ತಿಳಿಯುತ್ತವೆ. ಅದಕ್ಕೇ ಆ ಪಟ್ಟಿಯಲ್ಲಿ ಬರೀ ಹೆಸರಿನ ರೂಪಗಳಿರಬೇಕು, ವಿಳಾಸ, ನಂಬರ್ ಯಾವುದೂ ಇರಬಾರದು. ಅದರ ಉಪಯೋಗ ಪರೀಕ್ಷೆಗೆ ಮಾತ್ರ ಎಂಬ ಷರತ್ತೂ ಬೇಕು. ಯಾವ ಹೆಸರು ಸೇರಿಸಬೇಕು ಅನ್ನೋದರಲ್ಲಿ ಆ ಊರಿನವರ ಮಾತು ನಡೆಯಬೇಕು.

ಕೊನೆಗೆ ವಿದ್ಯಾರ್ಥಿಗಳಿಗೆ ಒಂದು ಕೆಲಸ. ಈ ಸಲ ಊರಿಗೆ ಹೋದಾಗ ನಿಮ್ಮ ಅಜ್ಜಿಯ ಹೆಸರು ಅವರ ರೇಷನ್ ಕಾರ್ಡ್, ಮತದಾರರ ಚೀಟಿ, ಪಾಸ್‌ಬುಕ್ಕುಗಳಲ್ಲಿ ಹೇಗೆ ಹೇಗಿದೆ ನೋಡಿ. ಎಷ್ಟು ರೂಪ ಸಿಕ್ಕವು, ಯಾವ ಅಕ್ಷರ ಬದಲಾಗಿದೆ ಅಂತ ಮಾತ್ರ ಬರೆದುಕೊಂಡು ಬನ್ನಿ. ದಾಖಲೆಯ ಫೋಟೊ ಬೇಡ. ಮುಂದಿನ ಚರ್ಚೆಯನ್ನು ಅದರಿಂದಲೇ ಶುರು ಮಾಡೋಣ.