ಹಳೆಯ ಬೀದಿಗೆ ಹೊಸ ಜೀವ

ಊರೆಂದರೆ ಕೇವಲ ಮನೆಗಳ ಸಾಲಲ್ಲ. ಒಂದೆಡೆ ಕೂಡಿ ಬಾಳುವ ಜನರ ಬದುಕೇ ಊರು. ಮನುಷ್ಯನಿಗೆ ಮುಪ್ಪು ಬರುವಂತೆ ಬೀದಿಗಳಿಗೂ ಮುಪ್ಪು ಬರುತ್ತದೆ. ಆದರೆ ಮನುಷ್ಯನ ಮುಪ್ಪಿಗೆ ಮದ್ದಿಲ್ಲ. ಬೀದಿಯ ಮುಪ್ಪಿಗೆ ಮದ್ದುಂಟು. ಆ ಮದ್ದು ಯಾವುದು, ಅದನ್ನು ಯಾರು ಕೊಡಬೇಕು ಎಂಬುದನ್ನು ಮೈಸೂರು ಜಿಲ್ಲೆಯ ಕೆಲವು ಊರುಗಳನ್ನು ಮುಂದಿಟ್ಟುಕೊಂಡು ವಿಚಾರ ಮಾಡೋಣ.

ಲಕ್ಷ್ಮಣತೀರ್ಥ ನದಿಯ ದಡದಲ್ಲಿರುವ ಹುಣಸೂರು, ಕೊಡಗಿನ ಗಡಿಗೆ ಸಮೀಪವಾದ ಪಿರಿಯಾಪಟ್ಟಣ, ಹೆಸರಿನಲ್ಲೇ ಕೋಟೆಯನ್ನು ಉಳಿಸಿಕೊಂಡಿರುವ ಹೆಗ್ಗಡದೇವನಕೋಟೆ - ಇವು ಬಹುಕಾಲದಿಂದ ಬಾಳಿ ಬಂದ ಊರುಗಳು. ಇಂತಹ ಊರುಗಳ ಹಳೆಯ ಬೀದಿಗಳಲ್ಲಿ ಕೆಂಪು ಹೆಂಚಿನ ಮನೆಗಳು, ಮರದ ಕಂಬಗಳ ಜಗಲಿಗಳು, ಸೇದುವ ಬಾವಿಗಳು, ಗುಡಿಯ ಮುಂದಿನ ಅಶ್ವತ್ಥಕಟ್ಟೆಗಳು ಇರುತ್ತವೆ. ಬಸ್ಸುಗಳ ಓಡಾಟ ಹೆಚ್ಚಿದಂತೆ ವ್ಯಾಪಾರವು ಹೆದ್ದಾರಿಯ ಬದಿಗೆ ಸರಿಯುತ್ತದೆ. ಅನುಕೂಲವುಳ್ಳವರು ಹೊಸ ಬಡಾವಣೆಗಳಿಗೆ ಹೋಗುತ್ತಾರೆ. ಓದಿದ ಮಕ್ಕಳು ಮೈಸೂರು, ಬೆಂಗಳೂರುಗಳನ್ನು ಸೇರುತ್ತಾರೆ. ಪಾಲಾಗದ ಮನೆಗೆ ಬೀಗ ಬೀಳುತ್ತದೆ. ಒಂದು ಮಳೆಗಾಲದಲ್ಲಿ ಒಡೆದ ಹೆಂಚನ್ನು ಬದಲಿಸುವವರಿಲ್ಲದಿದ್ದರೆ ಮುಂದಿನ ಮಳೆಗಾಲದಲ್ಲಿ ತೊಲೆ ಕೊಳೆಯುತ್ತದೆ. ಅದರ ಮುಂದಿನ ವರ್ಷ ಗೋಡೆ ಕುಸಿಯುತ್ತದೆ. ಬೀದಿಯ ಮುಪ್ಪು ಹೀಗೆ ಸದ್ದಿಲ್ಲದೆ ಬರುತ್ತದೆ.

ಹಳೆಯದನ್ನು ಬಿಟ್ಟು ಹೊಸ ಊರನ್ನೇ ಕಟ್ಟುವುದು ಒಂದು ದಾರಿ. ಕಾವೇರಿಯ ದಡದಲ್ಲಿ ಅರ್ಕೇಶ್ವರ ದೇವಾಲಯವಿರುವ ಎಡತೊರೆಯು ಹಿಂದೆ ದೊಡ್ಡ ಊರಾಗಿತ್ತು. 1924ರಲ್ಲಿ ಕಾವೇರಿಯು ಉಕ್ಕಿ ಹರಿದು ಅಪಾರ ಹಾನಿ ಮಾಡಿತು. ಪ್ರವಾಹದ ಭಯವಿಲ್ಲದ ಎಡೆಯಲ್ಲಿ ಬಳಿಕ ಹೊಸ ಪಟ್ಟಣವೊಂದು ರೂಪುಗೊಂಡಿತು. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನು ಹೊತ್ತ ಆ ಪಟ್ಟಣವೇ ಕೃಷ್ಣರಾಜನಗರ. ನದಿಯೇ ಮುನಿದಾಗ ಹೀಗೆ ಮಾಡುವುದು ವಿವೇಕ. ಆದರೆ ಚರಂಡಿ ಕಟ್ಟಿತು, ಮಾಡು ಸೋರಿತು ಎಂಬ ಕಾರಣಕ್ಕೆ ಊರನ್ನೇ ತೊರೆಯುವುದು ವಿವೇಕವಲ್ಲ. ಸ್ಥಳಾಂತರದಲ್ಲಿ ಮನೆಯನ್ನು ಮತ್ತೆ ಕಟ್ಟಬಹುದು. ನೆರೆಹೊರೆಯನ್ನು ಮತ್ತೆ ಕಟ್ಟುವುದು ಕಷ್ಟ.

ಹಾಗಾದರೆ ಹಳೆಯ ಬೀದಿಯಲ್ಲಿ ಉಳಿಸಿಕೊಳ್ಳತಕ್ಕದ್ದು ಏನಿದೆ? ಮೊದಲನೆಯದು, ಜನರ ಕಸುಬು. 19ನೆಯ ಶತಮಾನದಲ್ಲಿ ಹುಣಸೂರು ಅಮೃತಮಹಲ್ ರಾಸುಗಳ ಮುಖ್ಯ ಠಾಣೆಯಾಗಿತ್ತು. ಸರ್ಕಾರದ ವತಿಯಿಂದ ಅಲ್ಲಿ ತೊಗಲು ಹದಮಾಡುವ ಮತ್ತು ಕಂಬಳಿ ನೇಯುವ ಕಾರ್ಖಾನೆಗಳು ನಡೆಯುತ್ತಿದ್ದವು. ಕಾಲಾನಂತರದಲ್ಲಿ ಅವು ಮುಚ್ಚಿದವು. ಆದರೆ ಅಲ್ಲಿ ಪಳಗಿದ ಕೈಗಳು ಕಸುಬನ್ನು ಕೂಡಲೇ ಮರೆಯಲಿಲ್ಲ. ಕಟ್ಟಡಕ್ಕಿಂತ ಕೈಯ ಕೌಶಲಕ್ಕೆ ಆಯುಸ್ಸು ಹೆಚ್ಚು ಎಂಬುದನ್ನು ಇದು ತೋರಿಸುತ್ತದೆ.

ಎರಡನೆಯದು, ಜಗಲಿ. ಸಂಜೆ ಹಿರಿಯರು ಜಗಲಿಯ ಮೇಲೆ ಕುಳಿತಿದ್ದರೆ ಬೀದಿಯಲ್ಲಿ ಆಡುವ ಮಕ್ಕಳಿಗೆ ಬೇರೆ ಕಾವಲು ಬೇಕಿಲ್ಲ. ಅಮೆರಿಕದ ಜೇನ್ ಜೇಕಬ್ಸ್ ಎಂಬ ಲೇಖಕಿ 1961ರಲ್ಲಿ ಪ್ರಕಟಿಸಿದ ನಗರ ಜೀವನದ ಕುರಿತ ಗ್ರಂಥದಲ್ಲಿ ಈ ಮಾತನ್ನೇ ಬೇರೆ ರೀತಿಯಲ್ಲಿ ಪ್ರತಿಪಾದಿಸಿದರು. ಬೀದಿಯನ್ನು ಕಾಯುವುದು ಪೋಲೀಸರು ಮಾತ್ರವಲ್ಲ, ಅದನ್ನು ನಿತ್ಯವೂ ನೋಡುತ್ತಿರುವ ನಿವಾಸಿಗಳ ಕಣ್ಣುಗಳು ಎಂಬುದು ಅವರ ವಾದ. ಅವರು ನ್ಯೂಯಾರ್ಕಿನ ಬೀದಿಯಲ್ಲಿ ಕಂಡ ಸತ್ಯವನ್ನು ನಮ್ಮ ಪೂರ್ವಿಕರು ಜಗಲಿಯ ರೂಪದಲ್ಲಿ ಮನೆಗೆ ಸೇರಿಸಿದ್ದರು.

ಇವುಗಳನ್ನು ಉಳಿಸುವ ಕಾರ್ಯದಲ್ಲಿ ಜನರು ಸೇರಿದರೆ ಏನಾಗುತ್ತದೆ, ಸೇರದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಾಡಿನಲ್ಲೇ ತುಂಗಭದ್ರೆಯ ಎರಡು ದಡಗಳಲ್ಲಿ ನಿದರ್ಶನಗಳಿವೆ. ಹಂಪಿಯ ವಿರೂಪಾಕ್ಷ ದೇವಾಲಯದ ಮುಂದಿನ ಬಜಾರಿನ ಕಲ್ಲುಮಂಟಪಗಳಲ್ಲಿ ಅನೇಕ ಕುಟುಂಬಗಳು ಅಂಗಡಿಗಳನ್ನು ಇಟ್ಟುಕೊಂಡು ವಾಸವಾಗಿದ್ದವು. ಸ್ಮಾರಕಗಳ ರಕ್ಷಣೆಗಾಗಿ 2011ರಲ್ಲಿ ಅವರನ್ನು ತೆರವುಗೊಳಿಸಲಾಯಿತು. ಕಲ್ಲು ಉಳಿಯಿತು, ಬೀದಿಯ ಬದುಕು ಚದುರಿತು. ಎದುರು ದಡದ ಆನೆಗೊಂದಿಯಲ್ಲಿ 1997ರಲ್ಲಿ ಸ್ಥಾಪಿತವಾದ ಕಿಷ್ಕಿಂಧಾ ಟ್ರಸ್ಟ್ ಬೇರೆ ದಾರಿ ಹಿಡಿಯಿತು. ಹಳೆಯ ಮನೆಗಳನ್ನು ದುರಸ್ತಿ ಮಾಡುವುದರ ಜೊತೆಗೆ, ಬಾಳೆಯ ನಾರಿನಿಂದ ಚೀಲ, ಚಾಪೆ ಮುಂತಾದ ವಸ್ತುಗಳನ್ನು ಮಾಡುವ ಕೆಲಸವನ್ನು ಅಲ್ಲಿನ ಹೆಂಗಸರಿಗೆ ಕಲಿಸಿತು. ಊರಿನ ಅಂದವೂ ಊರವರ ಅನ್ನವೂ ಜೊತೆಜೊತೆಯಾಗಿ ಸಾಗಬಲ್ಲವು ಎಂಬುದು ಆ ಪ್ರಯತ್ನದ ತಿರುಳು.

ನಮ್ಮ ಊರುಗಳಲ್ಲಿ ಇಂತಹ ಕಾರ್ಯವನ್ನು ಹೇಗೆ ಆರಂಭಿಸಬೇಕು? ಮೊದಲು ಬೀದಿಯವರೆಲ್ಲ ಒಂದು ದಿನ ಒಟ್ಟಾಗಿ ಬೀದಿಯುದ್ದಕ್ಕೂ ನಡೆದು ನೋಡಬೇಕು. ಬೀಗ ಬಿದ್ದ ಮನೆಗಳೆಷ್ಟು, ಹೂಳು ತುಂಬಿದ ಬಾವಿಗಳೆಷ್ಟು, ದೀಪವಿಲ್ಲದ ತಿರುವುಗಳು ಯಾವುವು ಎಂದು ಪಟ್ಟಿ ಮಾಡಬೇಕು. ಮನೆಯೊಡೆಯರಷ್ಟೇ ಅಲ್ಲದೆ ಬಾಡಿಗೆಯವರು, ತರಕಾರಿ ಮಾರುವವರು, ಬೀದಿ ಗುಡಿಸುವ ಪೌರಕಾರ್ಮಿಕರು, ಹೆಂಗಸರು, ಮಕ್ಕಳು ಎಲ್ಲರ ಮಾತನ್ನೂ ಕೇಳಬೇಕು. ಬಳಿಕ ಪಟ್ಟಿಯನ್ನು ಎರಡಾಗಿ ವಿಂಗಡಿಸಬೇಕು. ಬಾವಿಯ ಹೂಳೆತ್ತುವುದು, ಕಟ್ಟೆಯನ್ನು ಸರಿಪಡಿಸುವುದು, ಗಿಡ ನೆಡುವುದು ಇವು ನೆರೆಯವರು ಕೂಡಿ ಮಾಡಬಹುದಾದ ಕೆಲಸಗಳು. ಒಳಚರಂಡಿ, ನಲ್ಲಿ ನೀರು, ರಸ್ತೆ ಇವು ಪುರಸಭೆಯೇ ಮಾಡಬೇಕಾದ ಕೆಲಸಗಳು. ಜನರ ಉತ್ಸಾಹವನ್ನು ಕಂಡು ಪುರಸಭೆಯು ಕೈಕಟ್ಟಿ ಕೂರಬಾರದು; ಪುರಸಭೆಯಿದೆಯೆಂದು ಜನರೂ ಕೈಕಟ್ಟಿ ಕೂರಬಾರದು.

ದುರಸ್ತಿಯಲ್ಲಿಯೂ ತಿಳಿವಳಿಕೆ ಬೇಕು. ಮಣ್ಣಿನ ಗೋಡೆಗೆ ಸಿಮೆಂಟು ಬಳಿದರೆ ಒಳಗಿನ ತೇವವು ಹೊರಹೋಗಲಾರದೆ ಗೋಡೆ ಕೆಡುತ್ತದೆ; ಸುಣ್ಣದ ಗಾರೆಯಾದರೆ ತೇವವನ್ನು ಹೊರಬಿಡುತ್ತದೆ. ಇದನ್ನು ಬಲ್ಲ ಹಳೆಯ ಗಾರೆಯವರನ್ನು ಹುಡುಕಿ, ಯುವಕರಿಗೆ ಅವರಿಂದ ಕೆಲಸ ಕಲಿಸಿದರೆ ಮನೆಯೂ ಉಳಿಯುತ್ತದೆ, ಉದ್ಯೋಗವೂ ದೊರೆಯುತ್ತದೆ.

1992ರಲ್ಲಿ ಅಂಗೀಕೃತವಾದ ಸಂವಿಧಾನದ 74ನೆಯ ತಿದ್ದುಪಡಿಯು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯುಳ್ಳ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕೆಂದು ವಿಧಿಸಿದೆ. ನಾವು ಹೆಸರಿಸಿದ ನಾಲ್ಕು ಊರುಗಳೂ ಅದಕ್ಕಿಂತ ಚಿಕ್ಕವು. ಆದ್ದರಿಂದ ಅಲ್ಲಿನ ಜನರು ಆ ವಿಧಿಗಾಗಿ ಕಾಯದೆ ತಾವಾಗಿಯೇ ಬೀದಿಯ ಸಮಿತಿಗಳನ್ನು ರಚಿಸಿಕೊಳ್ಳುವುದು ಅಗತ್ಯ.

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿ ಹೇಳಲೇಬೇಕು. ಬೀದಿ ಅಂದವಾದೊಡನೆ ಬಾಡಿಗೆ ಏರುವುದುಂಟು. ಕಷ್ಟಕಾಲದಲ್ಲಿ ಬೀದಿಯನ್ನು ಬಿಡದೆ ಇದ್ದ ಬಡವರೇ ಆಗ ಅದನ್ನು ಬಿಟ್ಟು ಹೋಗಬೇಕಾಗಿ ಬಂದರೆ ಅದು ಜೀರ್ಣೋದ್ಧಾರವೆನಿಸದು. ಬೀದಿಗೆ ಬಂದ ಹೊಸ ಜೀವದಲ್ಲಿ ಹಳೆಯ ನಿವಾಸಿಗಳಿಗೆ ಮೊದಲ ಪಾಲಿರಬೇಕು.

ಈ ಕಾರ್ಯದಲ್ಲಿ ವಿದ್ಯಾರ್ಥಿಗಳ ಪಾತ್ರವೂ ಕಿರಿದಲ್ಲ. ನಿಮ್ಮ ಬೀದಿಗೆ ಆ ಹೆಸರು ಹೇಗೆ ಬಂತು, ಬಾವಿಯನ್ನು ಯಾರು ತೋಡಿಸಿದರು, ಸಂತೆ ಎಲ್ಲಿ ಸೇರುತ್ತಿತ್ತು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿರಿ. ತನ್ನ ಬೀದಿಯ ಕಥೆಯನ್ನು ಬಲ್ಲವನು ಅದನ್ನು ಸುಲಭವಾಗಿ ಹಾಳುಬೀಳಲು ಬಿಡುವುದಿಲ್ಲ. ಹಳೆಯ ಬೀದಿಗೆ ಬೇಕಾದ ಮದ್ದು ಅಲ್ಲಿ ವಾಸಿಸುವವರ ಕೈಯಲ್ಲಿಯೇ ಇದೆ.