ಕೆಮ್ಮಣ್ಣಿನ ಓಟದ ಮನೆತನಗಳು

1949ನೆಯ ಇಸವಿಯ ಜೂನ್ 19ರಂದು, ಅಮೆರಿಕದ ಉತ್ತರ ಕೆರೊಲೈನಾ ರಾಜ್ಯದ ಷಾರ್ಲಟ್ ನಗರದಲ್ಲಿದ್ದ ಮುಕ್ಕಾಲು ಮೈಲಿ ಸುತ್ತಳತೆಯ ಮಣ್ಣಿನ ಓಟದಂಗಳಕ್ಕೆ, ಲೆವೆಲ್ ಕ್ರಾಸ್ ಎಂಬ ಸಣ್ಣ ಊರಿನಿಂದ ಲೀ ಪೆಟ್ಟಿ ಎಂಬ ಮೂವತ್ತೈದು ವರ್ಷದ ಗೃಹಸ್ಥನು, ಎರವಲು ತಂದ ಬ್ಯೂಕ್ ಕಾರಿನಲ್ಲಿ ಮನೆಯವರನ್ನು ಕೂರಿಸಿಕೊಂಡು ಬಂದಿಳಿದನು. ಅವರನ್ನು ಇಳಿಸಿ, ಅದೇ ಕಾರನ್ನು ಪಂದ್ಯಕ್ಕೆ ಇಳಿಸಿದನು. ಓಟದ ನಡುವೆ ಕಾರು ಉರುಳಿ ನುಜ್ಜುಗುಜ್ಜಾಗಲು, ಕುಟುಂಬವು ಇತರರ ವಾಹನವನ್ನು ಆಶ್ರಯಿಸಿ ಊರು ಸೇರಬೇಕಾಯಿತು. ಹನ್ನೊಂದು ವರ್ಷದ ಹಿರಿಯ ಮಗ ರಿಚರ್ಡ್ ಇದೆಲ್ಲವನ್ನೂ ಕಣ್ಣಾರೆ ಕಂಡನು. ಮುಂದೆ ಇನ್ನೂರು ಪಂದ್ಯಗಳನ್ನೂ ಏಳು ಚಾಂಪಿಯನ್ ಪಟ್ಟಗಳನ್ನೂ ಗೆದ್ದು ಲೋಕಪ್ರಸಿದ್ಧನಾದ ಮೇಲೂ ಆತನು ಆ ದಿನದ ಮಾತನ್ನು ಮರೆಯಲಿಲ್ಲ. ಫಲಿತಾಂಶದ ಪಟ್ಟಿಯಲ್ಲಿ ಲೀ ಪೆಟ್ಟಿಗೆ ದೊರೆತದ್ದು ಒಂದು ಸಾಲು ಮಾತ್ರ. ಉಳಿದ ಕಥೆಯನ್ನು ಉಳಿಸಿದುದು ಮನೆಯ ನೆನಪು.

ಆ ಪಂದ್ಯವು ಇಂದು ನಾಸ್ಕಾರ್ ಎಂದು ಹೆಸರಾದ ಸಂಸ್ಥೆಯ ಪ್ರಧಾನ ಓಟಮಾಲೆಯ ಮೊದಲನೆಯ ಪಂದ್ಯ. ಅದರಲ್ಲಿ ಓಡಿದುವು ಸ್ಟಾಕ್ ಕಾರುಗಳು. ಆಗ ಸ್ಟಾಕ್ ಕಾರ್ ಎಂದರೆ ಅಂಗಡಿಯಲ್ಲಿ ಜನಸಾಮಾನ್ಯರು ಕೊಳ್ಳುತ್ತಿದ್ದಂಥ ಕಾರು; ಪಂದ್ಯಕ್ಕೆಂದೇ ವಿಶೇಷವಾಗಿ ನಿರ್ಮಿತವಾದುದಾಗಿರಲಿಲ್ಲ. ಓಡುವ ಅಂಗಳವೂ ಹಾಗೆಯೇ ಸರಳವಾದುದು. ಊರ ಜಾತ್ರೆಯ ಬಯಲಿನಲ್ಲಿ ಕುದುರೆಗಳ ಓಟಕ್ಕಾಗಿ ಮಾಡಿದ್ದ ಅರ್ಧ ಮೈಲಿಯ, ಒಂದು ಮೈಲಿಯ ಅಂಡಾಕಾರದ ಹಾದಿಗಳಲ್ಲಿ ಎಷ್ಟೋ ಕಾಲಾಂತರದಲ್ಲಿ ಮೋಟಾರಿನ ಪಾಲಾದುವು. ದಕ್ಷಿಣದ ಆ ಸೀಮೆಯ ನೆಲವು ಅಂಟುಗುಣದ ಕೆಮ್ಮಣ್ಣು. ಅಲ್ಲಿನ ಬೆಟ್ಟಗಾಡಿನಲ್ಲಿ ಕಳ್ಳಬಟ್ಟಿಯನ್ನು ರಾತ್ರಿಯ ಹೊತ್ತು ಸಾಗಿಸುತ್ತಿದ್ದವರೂ ಈ ಕ್ರೀಡೆಗೆ ಬಂದು ಸೇರಿದರು. ಮೇಲೆ ಹೇಳಿದ ಮೊದಲ ಪಂದ್ಯದಲ್ಲಿಯೇ ಎಲ್ಲರಿಗಿಂತ ಮುಂಚೆ ಗುರಿ ಮುಟ್ಟಿದ ಗ್ಲೆನ್ ಡನವೇಯ ಫೋರ್ಡ್ ಕಾರಿನ ಹಿಂಬದಿಯ ಸ್ಪ್ರಿಂಗುಗಳನ್ನು, ಅಂಥ ಸಾಗಾಣಿಕೆಗೆ ಒದಗುವ ರೀತಿಯಲ್ಲಿ, ಮಾರ್ಪಡಿಸಿದ್ದುದು ತಪಾಸಣೆಯಲ್ಲಿ ಬಯಲಾಗಿ, ಜಯಮಾಲೆಯು ಕ್ಯಾನ್ಸಸ್‌ನಿಂದ ಬಂದಿದ್ದ ಜಿಮ್ ರೋಪರನಿಗೆ ಸಂದಿತು.

ಮಣ್ಣಿನ ಓಟದ ಮರ್ಮವು ಮಣ್ಣು ಕ್ಷಣಕ್ಷಣಕ್ಕೂ ಬದಲಾಗುವುದರಲ್ಲಿದೆ. ಪಂದ್ಯಕ್ಕೆ ಮುಂಚೆ ನೀರು ಹನಿಸಿ, ಭಾರದ ಗಾಲಿಗಳಿಂದ ಅದುಮಿ ಹದಗೊಳಿಸಿದ ನೆಲವು ಮೊದಮೊದಲು ಚಕ್ರವನ್ನು ಬಿಗಿಯಾಗಿ ಹಿಡಿಯುತ್ತದೆ. ಸುತ್ತುಗಳು ಕಳೆದಂತೆಲ್ಲ ಒಳಪಕ್ಕವು ಒಣಗಿ, ನುಣುಪೇರಿ, ಜಾರತೊಡಗುತ್ತದೆ. ಚಕ್ರಗಳು ಎರಚಿದ ಸಡಿಲ ಮಣ್ಣು ಹೊರ ಅಂಚಿನಲ್ಲಿ ದಿಂಬಿನಂತೆ ಕೂಡಿಕೊಳ್ಳುತ್ತದೆ. ಎಲ್ಲಿ ಹಿಡಿತವಿದೆ, ಎಲ್ಲಿ ಜಾರಿಕೆಯಿದೆ ಎಂಬುದನ್ನು ಸುತ್ತುಸುತ್ತಿಗೂ ಹೊಸದಾಗಿ ಅರಿತುಕೊಳ್ಳಬಲ್ಲವನೇ ಮುಂದಾಗುತ್ತಾನೆ. ಓಟವು ಸದಾ ಎಡಕ್ಕೆ ತಿರುಗುವುದಾದರೂ, ತಿರುವಿನಲ್ಲಿ ಕಾರಿನ ಹಿಂಭಾಗವು ಹೊರಕ್ಕೆ ಜಾರುವುದರಿಂದ, ಚಾಲಕನು ಸ್ಟೇರಿಂಗನ್ನು ಬಲಕ್ಕೆ ಹಿಡಿದು ಆ ಜಾರುವಿಕೆಯನ್ನೇ ಸಾಧನವಾಗಿ ಮಾಡಿಕೊಳ್ಳುತ್ತಾನೆ. ಹಿಂದಿನ ಬಲಗಾಲಿಯ ಟೈರು ಎಡದ್ದಕ್ಕಿಂತ ತುಸು ದೊಡ್ಡದಾಗಿದ್ದರೆ, ಬಾಯಿ ಅಗಲವಾದ ಲೋಟವನ್ನು ನೆಲದ ಮೇಲೆ ಉರುಳಿಸಿದಾಗ ಅದು ಕಿರಿದಾದ ತಳದ ಕಡೆಗೆ ಬಾಗಿ ಸುತ್ತುವಂತೆ, ಕಾರೂ ತಾನಾಗಿ ಎಡಕ್ಕೆ ಹೊರಳುತ್ತದೆ. ಈ ಸೂಕ್ಷ್ಮವನ್ನು ಮೊದಲು ಕಂಡುಕೊಂಡವರಲ್ಲಿ ಕನ್ಯಾಪೊಲಿಸ್ ಎಂಬ ಹತ್ತಿ ಗಿರಣಿಯ ಊರಿನ ರಾಲ್ಫ್ ಅರ್ನ್‌ಹಾರ್ಟನ ಹೆಸರನ್ನು ಹೇಳುತ್ತಾರೆ.

ಇಂಥ ವಿದ್ಯೆಯು ಪುಸ್ತಕದಿಂದ ಬರುವುದಲ್ಲ. ಮನೆಯ ಹಿತ್ತಿಲ ಗ್ಯಾರೇಜಿನಲ್ಲಿ ತಂದೆ ಎಂಜಿನ್ ಬಿಚ್ಚುವಾಗ ಪಕ್ಕದಲ್ಲಿ ನಿಂತು ಸ್ಪ್ಯಾನರು ಎತ್ತಿಕೊಟ್ಟ ಮಕ್ಕಳಿಗೆ ಬರುವಂಥದು. ಆದುದರಿಂದಲೇ ಈ ಕ್ರೀಡೆಯು ಮನೆತನದ ಕಸುಬಾಗಿ ಬೆಳೆಯಿತು. ಪೆಟ್ಟಿಯವರಲ್ಲಿ ರಿಚರ್ಡನು ಓಡಿಸಿದರೆ, ತಮ್ಮ ಮಾರಿಸನು ಎಂಜಿನ್ ಕಟ್ಟಿದನು, ಬಂಧು ಡೇಲ್ ಇನ್‌ಮನ್ ಮೆಕ್ಯಾನಿಕರ ಮುಖ್ಯಸ್ಥನಾದನು. ಡೇಟೋನಾದ ಕಡಲದಂಡೆಯ ಮರಳಿನಲ್ಲಿ 1949ರ ಜುಲೈನಲ್ಲಿ ನಡೆದ ಪಂದ್ಯದಲ್ಲಿ ಫ್ಲಾಕ್ ಮನೆತನದ ಟಿಮ್, ಬಾಬ್, ಫಾಂಟಿ ಎಂಬ ಮೂವರು ಸೋದರರೂ ಅವರ ಸೋದರಿ ಎಥೆಲ್ ಮೋಬ್ಲಿಯೂ ಜೊತೆಯಾಗಿ ಸ್ಪರ್ಧಿಸಿದರು. ಎಥೆಲ್ ಹನ್ನೊಂದನೆಯವಳಾಗಿ ಬಂದು ಇಬ್ಬರು ಸೋದರರನ್ನು ಹಿಂದಿಕ್ಕಿದಳು.

ತಂದೆಯೂ ಮಗನೂ ಒಂದೇ ಅಂಗಳದಲ್ಲಿ ಎದುರುಬದುರಾದಾಗ ಏನಾಗುತ್ತದೆಂಬುದಕ್ಕೆ ಎರಡು ಪ್ರಸಂಗಗಳನ್ನು ಹೇಳಬೇಕು. ಇಪ್ಪತ್ತೊಂದು ತುಂಬುವವರೆಗೂ ಮಗನಿಗೆ ಪಂದ್ಯದ ಅನುಮತಿಯನ್ನೇ ಕೊಡದಿದ್ದ ಲೀ ಪೆಟ್ಟಿ, 1959ರ ಜೂನ್‌ನಲ್ಲಿ ಅಟ್ಲಾಂಟದ ಲೇಕ್‌ವುಡ್ ಮಣ್ಣಿನಂಗಳದಲ್ಲಿ ರಿಚರ್ಡನು ಗೆದ್ದನೆಂದು ಸಾರಿದೊಡನೆಯೇ, ಸುತ್ತುಗಳ ಎಣಿಕೆ ತಪ್ಪಿದೆಯೆಂದು ಆಕ್ಷೇಪಿಸಿದನು. ಮರುಎಣಿಕೆಯಲ್ಲಿ ತಂದೆಯ ಮಾತೇ ನಿಂತಿತು, ಮಗನು ಎರಡನೆಯವನಾದನು. ಮೊದಲ ಗೆಲುವಿಗಾಗಿ ರಿಚರ್ಡನು 1960ರ ಫೆಬ್ರವರಿಯವರೆಗೆ ಕಾಯಬೇಕಾಯಿತು. ಇನ್ನೊಂದು, ರಾಲ್ಫ್ ಅರ್ನ್‌ಹಾರ್ಟನ ಮಗ ಡೇಲ್ ಸ್ಮರಿಸುತ್ತಿದ್ದ ಪ್ರಸಂಗ. ಷಾರ್ಲಟ್ಟಿನ ಮೆಟ್ರೊಲೈನಾ ಅಂಗಳದಲ್ಲಿ 1972ರಲ್ಲಿ ಒಂದೇ ಪಂದ್ಯದಲ್ಲಿ ಇಬ್ಬರೂ ಓಡಿಸುತ್ತಿದ್ದಾಗ, ರಾಲ್ಫ್ ಹಿಂದಿನಿಂದ ಬಂದು ತನ್ನ ಕಾರಿನ ಮೂತಿಯಿಂದಲೇ ಮಗನ ಕಾರನ್ನು ನೂಕಿ, ಅವನನ್ನು ಒಂದು ಸ್ಥಾನ ಮುಂದಕ್ಕೆ ದಾಟಿಸಿದನು. ಮರುವರ್ಷವೇ, ನಲವತ್ತೈದರ ವಯಸ್ಸಿನಲ್ಲಿ, ರಾಲ್ಫ್ ಹೃದಯಾಘಾತದಿಂದ ತೀರಿಕೊಂಡನು.

ಒಬ್ಬ ತಂದೆ ಮಗನಿಂದ ಗೆಲುವನ್ನು ಕಿತ್ತುಕೊಂಡನು, ಮತ್ತೊಬ್ಬನು ಮಗನಿಗೆ ಹೆಗಲು ಕೊಟ್ಟನು ಎಂದು ಮೇಲುನೋಟಕ್ಕೆ ತೋರಬಹುದು. ನನಗಾದರೋ ಇವೆರಡೂ ಒಂದೇ ವಾತ್ಸಲ್ಯದ ಎರಡು ಮುಖಗಳೆಂದು ಕಾಣುತ್ತವೆ. ಸಲ್ಲದ ಗೆಲುವನ್ನು ಮನೆಗೆ ತರಬಾರದೆಂಬುದು ಒಂದು ಪಾಠ. ಎಡರಿನಲ್ಲಿ ಮನೆಯವರು ಬೆನ್ನಿಗಿರುವರೆಂಬುದು ಮತ್ತೊಂದು. ಎರಡನ್ನೂ ಕಲಿತ ಮಕ್ಕಳಿಬ್ಬರೂ ಏಳೇಳು ಸಲ ಚಾಂಪಿಯನ್ನರಾದರು.

ಕಾಲಕ್ರಮದಲ್ಲಿ ದೊಡ್ಡ ಪಂದ್ಯಗಳು ಡಾಂಬರಿನ ಹಾದಿಗೆ ಸರಿದುವು. 1970ರ ಸೆಪ್ಟೆಂಬರ್ 30ರಂದು ರಾಲಿ ನಗರದ ಜಾತ್ರೆಯ ಬಯಲಿನಲ್ಲಿ ಮಣ್ಣಿನ ಮೇಲೆ ನಡೆದ ಪಂದ್ಯವನ್ನು ರಿಚರ್ಡ್ ಪೆಟ್ಟಿ ಗೆದ್ದನು. ಆಮೇಲೆ ನಾಸ್ಕಾರ್‌ನ ಪ್ರಧಾನ ಮಾಲೆಯು 2021ರವರೆಗೂ ಮಣ್ಣನ್ನು ಮುಟ್ಟಲಿಲ್ಲ. ಸಣ್ಣ ಊರುಗಳ ಅಂಗಳಗಳಲ್ಲಿ ಮಾತ್ರ ಶನಿವಾರದ ಇರುಳಿನ ಮಣ್ಣಿನ ಓಟಗಳು ನಿಲ್ಲದೆ ನಡೆದುಕೊಂಡು ಬಂದಿವೆ. 1968ರಲ್ಲಿ ಮುಚ್ಚಿದ ಹಿಲ್ಸ್‌ಬರೋದ ಆಕೊನೀಚಿ ಅಂಗಳದಲ್ಲಿ ಇಂದು ಮರಗಳು ಬೆಳೆದಿವೆ. ಕಾರುಗಳು ಸುತ್ತಿದ ಹಾದಿಯಲ್ಲಿ ಈಗ ಜನರು ನಡೆದಾಡುತ್ತಾರೆ.

ಉರುಳಿದ ಬ್ಯೂಕಿನ ತರುವಾಯ ಮನೆಯವರು ಊರು ಸೇರಿದ ಬಗೆಯನ್ನೂ, ತಂದೆಯ ಕಾರು ಬೆನ್ನಿಗೆ ತಾಗಿದ ಕ್ಷಣವನ್ನೂ ಯಾವ ಫಲಿತಾಂಶದ ಪಟ್ಟಿಯೂ ಬರೆದಿಡಲಿಲ್ಲ. ಮಕ್ಕಳು ಹೇಳಿದುದರಿಂದ ಅವು ಉಳಿದುವು. ಯಾವ ಕಸುಬಿನ ಮನೆಯಾದರೂ ಸರಿಯೆ, ಹಿರಿಯರು ಬದುಕಿರುವಾಗಲೇ ಅವರ ಬಳಿ ಕುಳಿತು ಇಂಥ ಮಾತುಗಳನ್ನು ಕೇಳಿ ಬರೆದಿಟ್ಟುಕೊಳ್ಳುವುದು ಕಿರಿಯರ ಕರ್ತವ್ಯ.